ಕೈ ನಿಂತ ಜಾಗ

ಹೋದ ವಾರ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ವಾಪಸು ಬರುವಾಗ ಸತ್ತುಹೋದವರೊಬ್ಬರ ದನಿಯನ್ನು ಬಸ್ಸಿನಲ್ಲಿ ಕೇಳಿದೆ. ಬಸ್ಸು ತೆರಕಣಾಂಬಿ ದಾಟಿತ್ತು. ಮುಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರು. ಕಿಟಕಿ ಪಕ್ಕದವಳು ಬಿಳಿ ಕೋಟನ್ನು ಮಡಚಿ ಮಡಿಲಲ್ಲಿಟ್ಟುಕೊಂಡು ಫೋನು ನೋಡುತ್ತಿದ್ದಳು. "ಮೊದಲು ಕೈ ಬೆಚ್ಚಗೆ ಮಾಡ್ಕೊಳ್ಳಿ" ಎಂದಿತು ಫೋನು. ನಾನು ಹಿಡಿದಿದ್ದ ಕಂಬಿ ಬಿಟ್ಟುಬಿಟ್ಟೆ.

ದನಿ ಅವರದೇ, ವೇಗ ಮಾತ್ರ ಅವರದಲ್ಲ. ಹುಡುಗಿ ವಿಡಿಯೋವನ್ನು ಓಡಿಸಿಕೊಂಡು ನೋಡುತ್ತಿದ್ದಳು. ಬದುಕಿದ್ದಾಗ ಒಂದು ದಿನವೂ ಅವಸರ ಮಾಡದವರು, ಸತ್ತ ಮೇಲೆ ಅಳಿಲಿನ ಹಾಗೆ ಮಾತಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ದನಿ ನಿಂತಿತು. ಹುಡುಗಿ ಫೋನನ್ನು ಅಲುಗಿಸಿ, ಪಕ್ಕದವಳಿಗೆ "ಇಲ್ಲಿ ಬಂದ್ರೆ ಯಾವಾಗ್ಲೂ ಹ್ಯಾಂಗ್ ಆಗ್ತದೆ ಕಣೆ" ಎಂದಳು. ಬೆರಳಿನಿಂದ ಎಳೆದು ಮುಂದಕ್ಕೆ ಹಾರಿಸಿದಳು.

ಅವಳು ಹಾರಿಸಿದ ಜಾಗ ಯಾವುದು ಎಂದು ನನಗೆ ಗೊತ್ತು. ಆ ವಿಡಿಯೋ ತೆಗೆದವನು ನಾನು. ಅವತ್ತು ನಾನು ಚಾಮರಾಜನಗರಕ್ಕೆ ಹೋಗಿದ್ದೂ ಆ ಜಾಗದ ವಿಚಾರಕ್ಕೇ. ಅದನ್ನು ಕತ್ತರಿಸಿ ಬಿಸಾಡಿ ಎಂದು ಮೆಡಿಕಲ್ ಕಾಲೇಜಿನಿಂದ ಫೋನು ಬಂದಿತ್ತು.

ನನ್ನದು ಗುಂಡ್ಲುಪೇಟೆಯಲ್ಲಿ ಫೋಟೋ ಸ್ಟುಡಿಯೋ. ಏಳನೇ ಕ್ಲಾಸಿಗೆ ಓದು ಬಿಟ್ಟವನು. ಅದನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯ ನನಗೆ ಯಾವತ್ತೂ ಕಂಡಿಲ್ಲ. ಈರುಳ್ಳಿ ಮಂಡಿಯಲ್ಲಿ ಮೂಟೆ ಹೊತ್ತು, ಹಳೇ ಕ್ಯಾಮೆರಾ ಒಂದನ್ನು ಕೊಂಡು, ನೋಡಿ ನೋಡಿ ಕಲಿತೆ. ಈಗ ಹಂಗಳದಿಂದ ಹರವೆಯವರೆಗೆ ನನ್ನ ವಿಡಿಯೋ ಇಲ್ಲದ ಮದುವೆಮನೆ ಕಡಿಮೆ. ಬಸ್ಸಿನಲ್ಲಿ ಕೇಳಿದ ದನಿಯ ಮೇಡಂ ನನ್ನನ್ನು ಮೊದಲು ನೋಡಿದ್ದೂ ಹರವೆ ಕಡೆಯ ಒಂದು ಮದುವೆಯಲ್ಲಿ. ಹೆಣ್ಣು ಅವರ ಆಸ್ಪತ್ರೆಯ ನರ್ಸು. ಧಾರೆಯ ಹೊತ್ತಿಗೆ ನೆಂಟರೆಲ್ಲ ಅಕ್ಷತೆ ಹಿಡಿದು ನುಗ್ಗಿದರು, ಯಾರದೋ ಮೊಣಕೈ ನನ್ನ ಪಕ್ಕೆಗೆ ಬಿತ್ತು. ಆಮೇಲೆ ಊಟದ ಪಂಕ್ತಿಯಲ್ಲಿ ಕುಳ್ಳಗಿನ ಹೆಂಗಸೊಬ್ಬರು ಎದುರಿಗೆ ಬಂದು ಕೂತರು. ಹಣೆಯಲ್ಲಿ ವಿಭೂತಿ, ಕನ್ನಡಕಕ್ಕೆ ಕಪ್ಪು ದಾರ.

"ಅಷ್ಟು ನೂಕಿದ್ರೂ ನಿಮ್ಮ ಕೈ ಅಲ್ಲಾಡ್ಲಿಲ್ಲವಲ್ಲ" ಎಂದರು. "ನಮ್ಮ ಹುಡುಗರಿಗೆ ಅದನ್ನೇ ಕಲಿಸೋಕೆ ಆಗ್ತಿಲ್ಲ ನನಗೆ."

ಡಾಕ್ಟರಿಕೆ ಓದುವವರಿಗೆ ಪಾಠ ಹೇಳುವವರು ಎಂದು ಆಮೇಲೆ ಗೊತ್ತಾಯಿತು. ಅವರೂ ಹರವೆ ಕಡೆಯ ಹೊಲಮನೆಯವರೇ.

ಮುಂದೆ ಆ ಕಾಯಿಲೆ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಫೋನು ಮಾಡಿದರು. ಹಾಸ್ಟೆಲ್ ಖಾಲಿಯಾಗಿದೆ, ಹುಡುಗರು ಮನೆಯಲ್ಲಿ ಕೂತು ಪುಸ್ತಕ ಓದುತ್ತಿದ್ದಾರೆ, ಪಾಠವನ್ನು ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕಬೇಕು ಎಂದರು. ಹೊಟ್ಟೆ ಹೇಗೆ ಮುಟ್ಟಿ ನೋಡುವುದು, ಎದೆ ಹೇಗೆ ಕೇಳುವುದು, ನಾಡಿ ಹೇಗೆ ಹಿಡಿಯುವುದು, ಇಂಥವು. ದೊಡ್ಡ ಊರಿನ ಕ್ಯಾಮೆರಾದವರು ಸಿಗುತ್ತಾರಲ್ಲ ಮೇಡಂ ಎಂದೆ. "ರೋಗೀನ ಮುಟ್ಟದೇ ಡಾಕ್ಟರ್ ಆಗಿಬಿಡ್ತಾರೆ ಕಣ್ರೀ ಇವರು. ನನಗೆ ಭಯ ಆಗ್ತಿದೆ" ಎಂದರು. ನಾನು ಕೇಳಿದ್ದಕ್ಕೆ ಅದು ಉತ್ತರವಲ್ಲ. ಆದರೂ ಒಪ್ಪಿಕೊಂಡೆ.

ಮಂಚದ ಮೇಲೆ ಮಲಗಲು ಒಂದು ಆಳು ಬೇಕಿತ್ತು. ನನ್ನ ಬಾಮೈದನನ್ನು ಕರೆದುಕೊಂಡು ಹೋದೆ. ಹಂಗಳದವನು, ಕೇರಳಕ್ಕೆ ತರಕಾರಿ ಹೊಡೆಯುವ ಗಾಡಿ ಓಡಿಸುತ್ತಾನೆ. ಆಗ ಲೋಡಿಲ್ಲದೆ ಮನೆಯಲ್ಲೇ ಇದ್ದ. ಮೊದಲನೇ ದಿನ ಅಂಗಿ ಬಿಚ್ಚಿ ಮಲಗಿ, "ಬಾವ, ಮನೇಲಿ ಮಲಗಿದ್ರೆ ಅವ್ವ ಬಯ್ತಾಳೆ, ಇಲ್ಲಿ ಮಲಗೋದೇ ಕೆಲ್ಸ ಕಣ" ಎಂದ. ಮೇಡಂ ಬಿಸಿನೀರಿನ ಬಟ್ಟಲಿಗೆ ಕೈ ಅದ್ದಿ, ಒರೆಸಿ, ಅಂಗೈ ಉಜ್ಜಿ, "ಮುಟ್ಲಾ ಅಪ್ಪಾ?" ಎಂದು ಕೇಳಿದರು. ಅವನು ಹೂಂ ಅಂದ ಮೇಲೇ ಮುಟ್ಟಿದರು. ಎರಡನೇ ಸಲ ತೆಗೆಯುವಾಗಲೂ ಕೇಳಿದರು, ಮೂರನೇ ಸಲವೂ. ಕೊನೆಗೆ ಇವನು, "ಮುಟ್ಟಿ ಮೇಡಂ, ಅದೆಷ್ಟು ಸಲ ಕೇಳೀರಿ? ನಾನೇನು ಓಡೋಯ್ತೀನಾ?" ಎಂದ.

"ನಾಳೆ ನಮ್ಮ ಹುಡುಗ ಕೇಳದೆ ನಿನ್ನ ಹೊಟ್ಟೆ ಮೇಲೆ ಕೈ ಹಾಕಿದ್ರೆ ಆಗ ನೀನು ನನ್ನನ್ನೇ ಬೈಯೋದು" ಎಂದರು.

ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ, ನಡುನಡುವೆ ಕನ್ನಡ. ಆದರೆ ರೋಗಿಯ ಜೊತೆ ಆಡುವ ಮಾತು ಮಾತ್ರ ನಮ್ಮ ಕಡೆಯದೇ ಇರಬೇಕು ಎಂದು ಅವರ ಹಟ. "ಉಸ್ರು ಎಳ್ಕೊ. ಈಗ ಬುಡು. ಒಟ್ಟೆ ಉರೀತದಾ, ಕಿವುಚ್ತದಾ?" ಇಂಗ್ಲಿಷ್ ಮಾತಾಡುತ್ತಿದ್ದವರು ಹಾಗೆಯೇ ಹೊಲದ ಬದುವಿಗೆ ಇಳಿದುಬಿಡುತ್ತಿದ್ದರು. ಬೇರೆ ರಾಜ್ಯದಿಂದ ಬಂದ ಹುಡುಗರು ಈ ಮಾತನ್ನು ಬಾಯಿಪಾಠ ಮಾಡಬೇಕಿತ್ತು.

ಮಂಚದ ಹಿಂದಿನ ಗೋಡೆಗೆ ಒಂದು ಗಡಿಯಾರ ಇತ್ತು. ನಾನು ಹೋದ ಕೂಡಲೇ ಅದನ್ನು ಕೆಳಗಿಳಿಸಿದೆ. ಮದುವೆ ವಿಡಿಯೋದಲ್ಲಿ ನಾವು ಗಡಿಯಾರ ತೋರಿಸುವುದಿಲ್ಲ. ಮುಹೂರ್ತ ಮೀರಿ ತಾಳಿ ಕಟ್ಟಿದ್ದು ಗಡಿಯಾರದಿಂದ ಹೊರಬಿದ್ದು, ಬೀಗರು ಬೀಗರು ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ಮೇಡಂ ಸ್ಟೂಲು ಹತ್ತಿ ತಾವೇ ಅದನ್ನು ಮತ್ತೆ ನೇತುಹಾಕಿದರು. ನಾಡಿ ಎಣಿಸುವಾಗ ಹುಡುಗರು ನನ್ನ ಮಾತನ್ನು ನಂಬಬಾರದು, ಮುಳ್ಳು ನೋಡಿ ತಾವೇ ಎಣಿಸಬೇಕು ಎಂದರು. ಅವತ್ತಿನಿಂದ ಎಲ್ಲ ವಿಡಿಯೋದಲ್ಲೂ ಅವರ ತಲೆಯ ಹಿಂದೆ ಆ ಗಡಿಯಾರ ಇದೆ.

ಮೊದಲ ಪಾಠವನ್ನು ನನಗೆ ಗೊತ್ತಿದ್ದ ರೀತಿಯಲ್ಲಿ ಚೆನ್ನಾಗಿ ಮಾಡಿಕೊಟ್ಟೆ. ಶುರುವಿಗೆ ಗುಲಾಬಿ ಹೂವು ಉದುರುತ್ತಾ ಹೆಸರು ಬರುವ ಹಾಗೆ ಮಾಡಿ, ಹಿಂದೆ ನಾದಸ್ವರ ಹಾಕಿದೆ. ಬಾಮೈದನ ಹೊಟ್ಟೆಯ ಮೇಲೆ ಎರಡು ಬೆಳ್ಳಿ ನಕ್ಷತ್ರ ಮಿನುಗಿ ಮರೆಯಾಗುತ್ತಿದ್ದವು. ಮೇಡಂ ನೋಡುತ್ತಾ ನೋಡುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹೊಟ್ಟೆಗೆ ಮದುವೆ ಮಾಡಿಬಿಟ್ರಲ್ರೀ" ಎಂದು ನಕ್ಕರು. ಆ ನಗು ನನಗೆ ನೋವು ಮಾಡಲಿಲ್ಲ. ಹೂವು, ನಾದಸ್ವರ ಆಮೇಲೆ ತೆಗೆದೆ.

ಅಷ್ಟರಲ್ಲಿ ನಗು ನಿಲ್ಲಿಸಿ ಪರದೆಯ ಹತ್ತಿರ ಬಗ್ಗಿದರು. "ಇಲ್ಲಿ ಮುಳ್ಳು ಹಾರಿತಲ್ಲ. ನನ್ನ ಕೈ ಇಲ್ಲೇ ಇತ್ತು, ಎಲ್ಲಿ ಹೋಯ್ತು?"

ಹೌದು, ಕತ್ತರಿಸಿದ್ದೆ. ಹೊಟ್ಟೆಯ ಮೇಲೆ ಕೈಯಿಟ್ಟು ಅವರು ಸುಮ್ಮನೆ ಇದ್ದುಬಿಡುತ್ತಿದ್ದರು. ಮಾತಿಲ್ಲ, ಚಲನೆ ಇಲ್ಲ. ಮದುವೆಯಲ್ಲಿ ಪುರೋಹಿತರು ಎಲೆ ಅಡಿಕೆ ಹುಡುಕುವ ಹೊತ್ತನ್ನು ನಾವು ತೆಗೆದುಹಾಕುವುದಿಲ್ಲವೇ, ಹಾಗೆ ತೆಗೆದಿದ್ದೆ. ಗಡಿಯಾರ ಚಾಡಿ ಹೇಳಿತ್ತು.

"ಏನೂ ಆಗ್ತಿರ್ಲಿಲ್ಲ ಮೇಡಂ ಅಲ್ಲಿ."

"ಆಗ್ತಿತ್ತು. ಅವನು ಉಸಿರು ಎಳ್ಕೋತಾನೆ, ಆಗ ಒಳಗಿರೋದು ಕೆಳಗೆ ಬಂದು ನನ್ನ ಬೆರಳಿಗೆ ತಾಗ್ಬೇಕು. ನಾನು ಹುಡುಕ್ಕೊಂಡು ಹೋಗಬಾರದು, ಅದು ಬರೋವರೆಗೂ ಕಾಯ್ಬೇಕು. ಕಾಯೋದೇ ಪಾಠ. ಅದನ್ನೇ ತೆಗೆದುಬಿಟ್ರೆ ಹುಡುಗರಿಗೆ ಏನು ಉಳೀತು?"

ಕತ್ತರಿಸಿದ್ದನ್ನೆಲ್ಲ ಮತ್ತೆ ಸೇರಿಸಿಕೊಟ್ಟೆ.

ಇನ್ನೊಂದು ಸಲ ಕಾಮಾಲೆ ಪಾಠ. ಒಬ್ಬರು ಯಜಮಾನರು ಒಪ್ಪಿಗೆ ಕೊಟ್ಟು ಕ್ಯಾಮೆರಾ ಮುಂದೆ ಕೂತರು. ಕಣ್ಣು ಅರಿಶಿನದ ಹಾಗಿತ್ತು. ನಾನು ಸ್ಟುಡಿಯೋಗೆ ಬಂದು, ಕೈ ಅಭ್ಯಾಸ ನೋಡಿ, ಹೆಣ್ಣು ಗಂಡಿಗೆ ಮಾಡುವ ಹಾಗೆ ಬಣ್ಣ ತಿದ್ದಿದೆ. ಹಳದಿ ಎಲ್ಲ ತೆಗೆದು ಕಣ್ಣನ್ನು ಹಾಲಿನ ಹಾಗೆ ಮಾಡಿದೆ. ಮೇಡಂ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡರು. "ನಾವು ವಾರದಿಂದ ಒದ್ದಾಡ್ತಾ ಇದೀವಿ. ನೀವು ಒಂದೇ ಗಂಟೇಲಿ ವಾಸಿ ಮಾಡಿಬಿಟ್ರಲ್ರೀ" ಎಂದರು. ಬಾಮೈದ ಇದನ್ನು ಹಂಗಳದಲ್ಲೆಲ್ಲ ಸಾರಿಕೊಂಡು ಬಂದ. ಯಾರಿಗಾದರೂ ಕಾಮಾಲೆ ಆದರೆ ಈಗಲೂ ನನ್ನ ಸ್ಟುಡಿಯೋಗೆ ಕಳಿಸಿ ಎನ್ನುತ್ತಾರೆ.

ಅವರು ಹೆಚ್ಚು ಸಲ ಹೇಳುತ್ತಿದ್ದ ಮಾತು ಬೇರೆಯದು. ರೋಗಿ ಮಲಗಿಕೊಂಡು ನೋಡುವುದು ಸೂರನ್ನಲ್ಲ, ಡಾಕ್ಟರ ಮುಖವನ್ನು. ಆದ್ದರಿಂದ "ಕೈಗೆ ಏನೇ ಸಿಗಲಿ, ಮುಖಕ್ಕೆ ಗೊತ್ತಾಗಬಾರದು" ಎನ್ನುತ್ತಿದ್ದರು. ಗೊತ್ತಾದದ್ದನ್ನು ಹೇಳಬೇಕು, ಆದರೆ ಕೂತುಕೊಂಡು, ಬಾಯಲ್ಲಿ ಹೇಳಬೇಕು, ಹುಬ್ಬಿನಲ್ಲಿ ಅಲ್ಲ ಎನ್ನುತ್ತಿದ್ದರು.

ಆ ಕಾಯಿಲೆ ಹೋಯಿತು, ಹುಡುಗರು ವಾಪಸು ಬಂದರು, ಮದುವೆಗಳು ಶುರುವಾದವು. ಆದರೂ ನಮ್ಮ ಕೆಲಸ ನಿಲ್ಲಲಿಲ್ಲ. ಬೇರೆ ಊರುಗಳಿಂದಲೂ ಹುಡುಗರು ನೋಡುತ್ತಿದ್ದಾರೆ ಎಂದು ಮೇಡಂ ಹೊಸ ಹೊಸ ಪಾಠ ಹಾಕಿಕೊಳ್ಳುತ್ತಿದ್ದರು.

ಕುತ್ತಿಗೆ ಪಾಠದ ದಿನ ಬಾಮೈದ ಬರಲಿಲ್ಲ. ಕೇರಳದಿಂದ ವಾಪಸು ಬರುವಾಗ ತಡವಾಗಿ, ರಾತ್ರಿ ಗಾಡಿ ಬಿಡದ ಕಾಡಿನ ಗೇಟು ಹಾಕಿಬಿಟ್ಟಿದ್ದರು. ಬೆಳಿಗ್ಗೆ ಗೇಟು ತೆಗೆದಾಗ ಮುಂದೆ ಲಾರಿ ಸಾಲು. "ಬಾವ, ನನ್ ಕುತ್ಗೆ ಇಲ್ಲೇ ಸಿಕ್ಕಾಕೊಂಡದೆ, ಇವತ್ತು ಬುಟ್ಬುಡಿ" ಎಂದು ಫೋನಿನಲ್ಲಿ ಅಂದ. ಇನ್ನೊಂದು ದಿನ ಇಟ್ಟುಕೊಳ್ಳೋಣ ಎಂದೆ. ಮೇಡಂ ಒಪ್ಪಲಿಲ್ಲ. "ನನ್ನ ಕುತ್ತಿಗೆ ಇದೆಯಲ್ಲ" ಎಂದು ಸ್ಟೂಲಿನ ಮೇಲೆ ಗಡಿಯಾರದ ಮುಂದೆ ಕೂತರು.

ಕೈ ಬೆಚ್ಚಗೆ ಮಾಡಿಕೊಂಡರು. ಗದ್ದದ ಕೆಳಗೆ, ಕಿವಿಯ ಹಿಂದೆ, ಬೆರಳ ತುದಿಯನ್ನು ಸಣ್ಣಗೆ ಸುತ್ತುತ್ತಾ, ಗಂಟು ಇದ್ದರೆ ಹೇಗೆ ತಿಳಿಯುತ್ತದೆ ಎಂದು ಹೇಳುತ್ತಾ ಬಂದರು. ಎಡಗಡೆ ಕೊರಳ ಎಲುಬಿನ ಮೇಲಿನ ಗುಳಿಗೆ ಬಂದಾಗ ಬೆರಳು ನಿಂತಿತು. ಮಾತೂ ನಿಂತಿತು. ಬೆರಳು ಸ್ವಲ್ಪ ಮುಂದೆ ಹೋಗಿ, ತಿರುಗಿ ಅದೇ ಜಾಗಕ್ಕೆ ಬಂದು ಮತ್ತೆ ನಿಂತಿತು. ಕಾಯುತ್ತಿದ್ದಾರೆ ಎಂದುಕೊಂಡೆ. ಅವರ ಪಾಠವೇ ಅದಲ್ಲವೇ. ಮುಖ ಹೇಗಿತ್ತೋ ಹಾಗೆಯೇ ಇತ್ತು. ಆಮೇಲೆ "ಈಗ ಬಲಗಡೆ" ಎಂದರು. ಪಾಠ ಮುಗಿಸಿದರು. ನನಗೆ ಚಹಾ ತರಿಸಿದರು, ಬಾಮೈದನ ಗಾಡಿ ಬಿಟ್ಟರಾ ಎಂದು ವಿಚಾರಿಸಿದರು.

ಎಡಿಟ್ ಮಾಡುವಾಗ ಆ ಜಾಗ ಉದ್ದ ಎನ್ನಿಸಿತು. ಬಲಗಡೆ ಅಷ್ಟು ಹೊತ್ತು ಇಲ್ಲ. ಕೇಳದೆ ಕತ್ತರಿಸುವ ಅಭ್ಯಾಸ ಬಿಟ್ಟುಹೋಗಿತ್ತಲ್ಲ, ತೆಗೆದುಕೊಂಡು ಹೋಗಿ ತೋರಿಸಿದೆ.

"ಇಲ್ಲಿ ಕೈ ಬಹಳ ಹೊತ್ತು ನಿಂತಿದೆ ಮೇಡಂ. ಸ್ವಲ್ಪ ತೆಗೀಲಾ?"

ಅವರು ತಮ್ಮ ಕೈಯನ್ನೇ ಪರದೆಯಲ್ಲಿ ನೋಡಿದರು. ಬೇರೆಯವರ ಎಕ್ಸ್‌ರೇ ನೋಡುವ ಹಾಗೆ, ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿ ನೋಡಿದರು.

"ಇರ್ಲಿ ಬಿಡಿ" ಎಂದರು. "ಅದು ಸರಿಯಾಗಿ ಬಂದಿದೆ."

ವಿಡಿಯೋ ಹಾಗೆಯೇ ಇಂಟರ್ನೆಟ್ಟಿಗೆ ಹೋಯಿತು.

ಅದಾದ ಮೇಲೆ ಕೆಲವು ವಾರ ನನಗೆ ಮದುವೆ ಸೀಸನ್ನು. ಮತ್ತೆ ಕರೆದಾಗ ಅವರು ಇಳಿದುಹೋಗಿದ್ದರು. ಕುಪ್ಪಸದ ತೋಳು ಸಡಿಲವಾಗಿತ್ತು. ಆರಾಮಿಲ್ಲವಾ ಮೇಡಂ ಎಂದೆ. ಕೆಲಸ ಶುರು ಮಾಡಿ ಎಂದರು. ಕ್ಯಾಮೆರಾಕ್ಕೆ ಮೊದಲು ಬಿಳಿ ಎಂದರೆ ಯಾವುದು ಎಂದು ತೋರಿಸಬೇಕು. ಕೂತವರ ಕೈಗೆ ಒಂದು ಬಿಳಿ ಹಾಳೆ ಕೊಟ್ಟು ಮುಖದ ಹತ್ತಿರ ಹಿಡಿಸುತ್ತೇವೆ. ಅವರಿಗೂ ಅಭ್ಯಾಸವಾಗಿತ್ತು, ಗದ್ದದ ಕೆಳಗೆ ಹಿಡಿದುಕೊಂಡರು. ಪರದೆಯಲ್ಲಿ ಹಾಳೆ ಬೆಳ್ಳಗಿತ್ತು. ಕಣ್ಣು ಬೆಳ್ಳಗಿರಲಿಲ್ಲ. ಲೈಟು ಸರಿಸಿದೆ. ಕಿಟಕಿಯ ಪರದೆ ಎಳೆದೆ. ಮತ್ತೆ ಹಾಳೆ ಹಿಡಿಸಿದೆ.

"ಹಾಳೆ ಬೆಳ್ಳಗೆ ಕಾಣ್ತಿದೆಯಾ?" ಎಂದು ಅವರೇ ಕೇಳಿದರು.

"ಕಾಣ್ತಿದೆ ಮೇಡಂ."

"ಹಂಗಾದ್ರೆ ಕ್ಯಾಮೆರಾ ಸರಿಯಾಗಿದೆ." ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು. "ಬಣ್ಣ ತಿದ್ದಬೇಡಿ."

ಆಗ ತಿಳಿಯಿತು. ಕುತ್ತಿಗೆಯ ಮೇಲೆ ಬೆರಳು ತಿರುಗಿ ಬಂದು ನಿಂತಿದ್ದು ಯಾಕೆ ಎಂಬುದೂ ಅದೇ ಗಳಿಗೆಯಲ್ಲಿ ತಿಳಿಯಿತು. ಕ್ಯಾಮೆರಾ ಹಿಂದೆ ನಿಂತಿದ್ದೆ, ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಕಾಣದಿದ್ದದ್ದು ಒಳ್ಳೆಯದೇ ಆಯಿತು. ಅಷ್ಟು ದಿನ ಅವರ ಪಾಠ ಕೇಳಿದ್ದರೂ ಮುಖ ಹಿಡಿದಿಟ್ಟುಕೊಳ್ಳುವುದು ನನಗೆ ಬಂದಿರಲಿಲ್ಲ. ಕೈ ಮಾತ್ರ ಅಲ್ಲಾಡಲಿಲ್ಲ.

ಚಳಿ ಹಿಡಿಯುವ ಹೊತ್ತಿಗೆ ಹೋದರು. ಕ್ಯಾನ್ಸರು ಹೊಟ್ಟೆಯಲ್ಲಿತ್ತಂತೆ, ಕೊರಳಿನ ಗಂಟು ಅದರ ಸುದ್ದಿ ತಂದದ್ದಂತೆ. ಅವರ ಊರಿನ ಮನೆಯ ಜಗಲಿಯಲ್ಲಿ ಕೂರಿಸಿದ್ದರು. ಮೈಗೆ ವಿಭೂತಿ, ಕೈ ಎರಡೂ ಮಡಿಲಲ್ಲಿ. ಹಾಳೆ ಮಡಿಲಲ್ಲಿಟ್ಟುಕೊಂಡಾಗ ಹೇಗಿದ್ದವೋ ಹಾಗೇ. ಯಾರೋ ನನ್ನ ಗುರುತು ಹಿಡಿದು ವಿಡಿಯೋ ಮಾಡಪ್ಪ ಎಂದರು. ಬ್ಯಾಗು ತೆರೆಯಲಿಲ್ಲ. ನನ್ನ ಮುಂದೆ ಬಾಮೈದ ಪಾದ ಮುಟ್ಟಲು ಬಗ್ಗಿದ. ಬಗ್ಗಿದವನು ತಡೆದ. ಎರಡು ಅಂಗೈ ಉಜ್ಜಿಕೊಂಡ. ಹಿಂದೆ ನಿಂತ ನನಗಷ್ಟೇ ಕೇಳುವಷ್ಟು ಮೆಲ್ಲಗೆ, "ಮುಟ್ಲಾ ಮೇಡಂ?" ಎಂದ.

ಉತ್ತರಕ್ಕೆ ಸ್ವಲ್ಪ ಹೊತ್ತು ಕಾದ. ಆಮೇಲೆ ಮುಟ್ಟಿದ.

ಅವರು ಹೋದರು ಎಂದು ಹೇಳುತ್ತೇನೆ. ಆದರೆ ನನ್ನ ಕಸುಬಿನಲ್ಲಿ ಯಾರೂ ಪೂರ್ತಿ ಹೋಗುವುದಿಲ್ಲ. ಹಾಡುಹಗಲು, ಯಾರದೋ ಆರತಕ್ಷತೆಯ ಫೈಲು ಹುಡುಕಲು ಹೋದರೆ ಪಕ್ಕದಲ್ಲಿ ಅವರ ಕೈಗಳು ಸಾಲಾಗಿ ಕೂತಿರುತ್ತವೆ. ಮೌಸಿನ ಬಾಣದ ಗುರುತು ಅಕಸ್ಮಾತ್ತಾಗಿ ಮೇಲೆ ಹಾದರೂ ಸಾಕು, "ಉಸ್ರು ಎಳ್ಕೊ" ಎನ್ನುತ್ತಾರೆ. ನಾನು ಎಳೆದುಕೊಳ್ಳುತ್ತೇನೆ. "ಈಗ ಬುಡು" ಎಂದು ಅವರು ಹೇಳುವ ಮುಂಚೆ ಫೈಲು ಮುಚ್ಚಿಹೋದರೆ, ಆ ಉಸಿರು ಎಲ್ಲಿ ಬಿಡಬೇಕೋ ತಿಳಿಯದೆ ಕೂತಿರುತ್ತೇನೆ. ಗಡ್ಡ ಮಾಡಿಕೊಳ್ಳುವಾಗ ಬೆರಳು ತಾನಾಗಿ ಎಡಗಡೆ ಗುಳಿಗೆ ಹೋಗುತ್ತದೆ. ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ ಇರುತ್ತೇನೆ.

ಈಗ ಅವರ ಜಾಗದಲ್ಲಿ ಒಬ್ಬ ಯುವಕ ಡಾಕ್ಟರು ಇದ್ದಾರೆ, ಅವರ ಕೈಕೆಳಗೇ ಓದಿದವರು. ಒಳ್ಳೆಯವರು. ವಿಡಿಯೋಗಳನ್ನೆಲ್ಲ ಚಿಕ್ಕದು ಮಾಡಬೇಕು, ಈಗಿನ ಹುಡುಗರು ಅಷ್ಟುದ್ದ ಕೂತು ನೋಡುವುದಿಲ್ಲ, ಸುಮ್ಮನೆ ನಿಂತಿರುವ ಜಾಗ ತೆಗೆದುಬಿಡಿ, ಕುತ್ತಿಗೆಯದರಿಂದಲೇ ಶುರು ಮಾಡಿ ಎಂದು ಫೋನು ಮಾಡಿದ್ದರು. ಬೇಕಾದರೆ ಬೇರೆಯವರ ಕೈಯಲ್ಲಿ ಮಾಡಿಸಿಕೊಳ್ಳಿ, ನಾನು ಆ ಜಾಗಕ್ಕೆ ಕತ್ತರಿ ಹಾಕುವುದಿಲ್ಲ ಎಂದೆ. ಯಾಕೆ ಎಂದರು. ಫೋನಿನಲ್ಲಿ ಹೇಳುವುದಲ್ಲ, ಬರುತ್ತೇನೆ ಎಂದೆ. ಬಸ್ಸಿನಲ್ಲಿ ಹೋಗುವಾಗ ಉದ್ದಕ್ಕೂ ಯೋಚಿಸಿದೆ. ಮೇಡಂ ಮುಖಕ್ಕೂ ತಿಳಿಯಗೊಡದೆ ಇಟ್ಟುಕೊಂಡದ್ದನ್ನು ನಾನು ಬಾಯಿಬಿಟ್ಟು ಹೇಳಬಹುದೇ? ಹೇಳದಿದ್ದರೆ ಅದು ಉಳಿಯುವುದಾದರೂ ಹೇಗೆ?

ಅದೇ ಕೋಣೆ, ಅದೇ ಮಂಚ. ಗಡಿಯಾರವೂ ಅಲ್ಲೇ ಇತ್ತು. ಡಾಕ್ಟರು ಲ್ಯಾಪ್‌ಟಾಪ್ ತೆರೆದು ವಿಡಿಯೋ ಓಡಿಸಿದರು.

"ಇಲ್ಲಿ ನೋಡಣ್ಣ, ಇಲ್ಲಿಂದ ಇಲ್ಲೀವರೆಗೂ ಏನೂ ಇಲ್ಲ. ಇದನ್ನ ತೆಗೆದುಬಿಟ್ರೆ..." ಎಂದು ಬೆರಳಿಟ್ಟು ತೋರಿಸಿದರು.

ಪರದೆಯಲ್ಲಿ ಮೇಡಂ ಬೆರಳು ಮುಂದೆ ಹೋಗಿ, ತಿರುಗಿ ಬಂದು, ನಿಂತಿತು. ಡಾಕ್ಟರ ಬೆರಳು ಅದರ ಮೇಲೆಯೇ ನಿಂತಿತು. ಅಷ್ಟು ವರ್ಷ ಓದಿದವರು, ಅವರ ಕೈಯನ್ನೇ ನೋಡಿ ಕಲಿತವರು. ನಾನು ಹೇಳಬೇಕಾದದ್ದು ಏನೂ ಉಳಿಯಲಿಲ್ಲ. ಹಿಂದಕ್ಕೆ ಎಳೆದು ಇನ್ನೊಂದು ಸಲ ನೋಡಿದರು. ಆಮೇಲೆ ಎದ್ದು ಹೋಗಿ ಬಾಮೈದ ಮಲಗುತ್ತಿದ್ದ ಮಂಚದ ಮೇಲೆ ಕೂತುಕೊಂಡರು.

"ಅಡ್ಮಿಟ್ ಆಗೋಕೆ ಎಷ್ಟು ಮುಂಚೆ ತೆಗ್ದಿದ್ದು ಇದು?"

"ಬಹಳ ಮುಂಚೆ ಡಾಕ್ಟ್ರೇ. ಯಾರಿಗೂ ಗೊತ್ತಿಲ್ದಾಗ."

"ಅವರಿಗೂ ಗೊತ್ತಿಲ್ದಾಗ" ಎಂದರು. ಪ್ರಶ್ನೆ ಕೇಳಿದ್ದೋ ಅಲ್ಲವೋ ತಿಳಿಯಲಿಲ್ಲ. "ತೆಗೀಲಾ ಅಂತ ಕೇಳ್ಲಿಲ್ವಾ ನೀವು?"

"ಕೇಳ್ದೆ. ಸರಿಯಾಗಿ ಬಂದಿದೆ, ಇರ್ಲಿ ಬಿಡಿ ಅಂದ್ರು."

ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಆಮೇಲೆ "ಹಂಗೇ ಇರ್ಲಿ ಅಣ್ಣ" ಎಂದರು. "ಯಾರಿಗೂ ಹೇಳೋದೂ ಬೇಡ. ನೋಡಿದೋರಿಗೆ ಕಂಡರೆ ಕಾಣ್ಲಿ."

ಅದನ್ನು ಮುಗಿಸಿಕೊಂಡು ಬರುವಾಗಲೇ ಈ ಬಸ್ಸು, ಈ ಹುಡುಗಿ.

ಗುಂಡ್ಲುಪೇಟೆ ಹತ್ತಿರ ಬಂತು. ಎದುರಿಗೆ ಲಾರಿ ಸಾಲು ಸಿಕ್ಕಿ ಬಸ್ಸು ನಿಂತಿತು. ಹುಡುಗಿ ಪಾಠವನ್ನು ಮೊದಲಿನಿಂದ ಹಾಕಿಕೊಂಡಿದ್ದಳು. ಪರೀಕ್ಷೆ ಇತ್ತೋ ಏನೋ. ಮತ್ತೆ ಆ ಜಾಗ ಬಂತು, ಮತ್ತೆ ಬೆರಳು ಎತ್ತಿದಳು. ಹೇಳುವುದೋ ಬೇಡವೋ ಎಂದು ಯೋಚಿಸಲು ಹೊತ್ತಿರಲಿಲ್ಲ. ಸೀಟಿನ ಮೇಲಿಂದ ಬಗ್ಗಿದೆ.

"ಹ್ಯಾಂಗ್ ಆಗಿಲ್ಲ ಕಣಮ್ಮ. ಓಡ್ಸದೆ ನೋಡು. ಹಿಂದೆ ಗೋಡೇಲಿ ಗಡಿಯಾರ ಅದೆ, ಅದರ ಮುಳ್ಳು ನೋಡು."

ಯಾರೀ ಮನುಷ್ಯ ಎಂಬಂತೆ ನನ್ನ ಕಡೆ ತಿರುಗಿದಳು. ಆಮೇಲೆ ಫೋನಿನ ಕಡೆ. ಸ್ವಲ್ಪ ಹಿಂದಕ್ಕೆ ಎಳೆದು, ವೇಗ ಇಳಿಸಿದಳು. "ಹೌದಲ್ವಾ ಅಂಕಲ್, ಓಡ್ತಿದೆ" ಎಂದಳು. ಪಕ್ಕದವಳೂ ಬಗ್ಗಿ ನೋಡಿದಳು. ಇಬ್ಬರೂ ಮುಳ್ಳನ್ನೇ ನೋಡುತ್ತಿದ್ದರು. ಕೈಯನ್ನು ನಾನು ನೋಡುತ್ತಿದ್ದೆ. ಮುಂದೆ ಹೋಯಿತು, ತಿರುಗಿ ಬಂತು, ನಿಂತಿತು. ಲಾರಿಗಳು ಹಾರನ್ ಹೊಡೆಯುತ್ತಿದ್ದವು. ಕಿಟಕಿ ಪಕ್ಕದ ಹುಡುಗಿಯ ಕಣ್ಣು ಗಡಿಯಾರದಿಂದ ಮೆಲ್ಲಗೆ ಕೆಳಗಿಳಿಯಿತು, ಆ ಬೆರಳಿನ ಹತ್ತಿರ ಬಂದು ಅಲ್ಲೇ ಉಳಿಯಿತು. ಮುಂದಕ್ಕೆ ಹಾರಿಸಲಿಲ್ಲ.

ಆಮೇಲೆ ಅವರು, ತಮ್ಮದೇ ವೇಗದಲ್ಲಿ, "ಈಗ ಬಲಗಡೆ" ಎಂದರು.